ಶನಿವಾರ ರಾತ್ರಿ ಎಂಟಕ್ಕೆ ರಿಮೋಟ್ ಯಾರ ಕೈಯಲ್ಲಿ?

ಓದುಗರ ಪ್ರಶ್ನೆ, ನಮ್ಮ ಉತ್ತರ

ವಾರಾಂತ್ಯದ ಸಂಜೆ ಟಿವಿಯಲ್ಲಿ ಎಂಥ ಕಾರ್ಯಕ್ರಮ ಬಂದರೆ ಮನೆಮಂದಿಗೆಲ್ಲ ಹಿತವಾಗುತ್ತದೆ ಎಂಬ ವಿಷಯವಾಗಿ ಪ್ರಶ್ನೆಗಳನ್ನು ಕಳುಹಿಸಿ ಎಂದು ಕಳೆದ ತಿಂಗಳು ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ದೂರುಗಳೇ ಇದ್ದವು. ಅವುಗಳಲ್ಲಿ ಪ್ರಶ್ನೆಯ ರೂಪಕ್ಕೆ ಬಂದವುಗಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಮೂರು ತಲೆಮಾರಿನ ಮನೆ. ಶನಿವಾರ ರಾತ್ರಿ ಊಟದ ಹೊತ್ತಿಗೆ ಅತ್ತೆಯವರಿಗೆ ಧಾರಾವಾಹಿಯ ಮಹಾಸಂಚಿಕೆ ಬೇಕು, ಯಜಮಾನರಿಗೆ ಕ್ರಿಕೆಟ್ ಬೇಕು, ಮಗನಿಗೆ ಮೊಬೈಲ್ ಸಾಕು. ಎಲ್ಲರೂ ಕೂತು ನೋಡುವ ಒಳ್ಳೆಯ ಕಾರ್ಯಕ್ರಮ ಎಂದರೆ ಯಾವುದು? ಅದಕ್ಕೊಂದು ಅಳತೆಗೋಲು ಇದೆಯೇ? (ಗೃಹಿಣಿ, ಸಾಗರ)

ಉತ್ತರ: ಅಳತೆಗೋಲು ಇದೆ, ಆದರೆ ಅದು ಟಿವಿಯಲ್ಲಿ ಇಲ್ಲ, ನಿಮ್ಮ ಅಡುಗೆಮನೆಯ ಬಾಗಿಲಲ್ಲಿ ಇದೆ. ಒಗ್ಗರಣೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದವರು ‘ಏನಾಯ್ತು, ಇವಳ್ಯಾರು?’ ಎಂದು ಕೇಳದೆ ಎರಡು ನಿಮಿಷದೊಳಗೆ ಉಳಿದವರ ಜೊತೆ ಬೆರೆಯಲು ಸಾಧ್ಯವಾದರೆ ಅದು ವಾರಾಂತ್ಯಕ್ಕೆ ಹೊಂದುವ ಕಾರ್ಯಕ್ರಮ. ಧಾರಾವಾಹಿಗೆ ಈ ಗುಣ ಇಲ್ಲ. ಅದು ಹಿಂದಿನ ಐದು ದಿನಗಳ ಸಾಲವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಹಾಡು, ರಸಪ್ರಶ್ನೆ, ಹಾಸ್ಯ ಪ್ರಹಸನ, ಒಬ್ಬರ ಬದುಕಿನ ಕತೆ ಇವುಗಳಿಗೆ ಆ ಗುಣ ಇದೆ, ಏಕೆಂದರೆ ಪ್ರತಿಯೊಂದೂ ಅಲ್ಲಿಯೇ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ.

ಎರಡನೆಯ ಗುಣವೂ ಒಂದಿದೆ, ನನ್ನ ಮಟ್ಟಿಗೆ ಅದೇ ಮುಖ್ಯ: ವೇದಿಕೆಯ ಮೇಲೆ ಇರುವವರು ಹಿಡಿದ ಕೆಲಸವನ್ನು ಕೊನೆಯವರೆಗೆ ಮಾಡಲು ಬಿಡಬೇಕು. ಹಾಡುವವರು ಪಲ್ಲವಿಯಿಂದ ಕೊನೆಯ ಚರಣದವರೆಗೆ ಹಾಡಬೇಕು, ಉತ್ತರ ಯೋಚಿಸುವವರಿಗೆ ಯೋಚಿಸಲು ಹೊತ್ತು ಸಿಗಬೇಕು. ಬೆಂಗಳೂರು ದೂರದರ್ಶನದ ‘ಥಟ್ ಅಂತ ಹೇಳಿ’ಯನ್ನು ನೋಡಿ. ಅದು ವಾರಾಂತ್ಯದ ವೈಭವದ ಕಾರ್ಯಕ್ರಮವೇನೂ ಅಲ್ಲ. 2002ರಿಂದ ವೈದ್ಯರಾದ ನಾ. ಸೋಮೇಶ್ವರ ಅವರು ನಡೆಸಿಕೊಂಡು ಬರುತ್ತಿರುವ ಈ ರಸಪ್ರಶ್ನೆಯಲ್ಲಿ ಗೆದ್ದವರಿಗೆ ಸಿಗುವುದು ಪುಸ್ತಕ. ದೀಪಗಳ ಮಿಂಚಿಲ್ಲ, ಎದೆ ಬಡಿತದ ಸಂಗೀತವಿಲ್ಲ. ಆದರೂ ಮನೆಯಲ್ಲಿ ಕೂತವರು ಸ್ಪರ್ಧಿಗಿಂತ ಮೊದಲು ಉತ್ತರ ಕೂಗುತ್ತಾರೆ, ತಪ್ಪಾದರೆ ಪಕ್ಕದವರು ನಗುತ್ತಾರೆ. 2012ರಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ನಡೆಸಿದಾಗ ಅಲ್ಲಿ ಬಹುಮಾನ ಒಂದು ಕೋಟಿ ರೂಪಾಯಿ, ವೈಭವಕ್ಕೂ ಕೊರತೆ ಇರಲಿಲ್ಲ; ಆದರೆ ಮನೆಯೊಳಗೆ ನಡೆಯುತ್ತಿದ್ದದ್ದು ಅದೇ ಕೂಗು, ಅದೇ ನಗು. ಆದ್ದರಿಂದ ನಿಮ್ಮ ಮಗ ಮೊಬೈಲನ್ನು ಕೆಳಗಿಡಬೇಕಾದರೆ ಅವನಿಗೆ ಬಾಯಿ ಹಾಕಲು ಅವಕಾಶವಿರುವ ಕಾರ್ಯಕ್ರಮವನ್ನೇ ಹಾಕಿ. ಸುಮ್ಮನೆ ಕೂತು ನೋಡು ಎಂದರೆ ಆ ವಯಸ್ಸಿನವರು ಕೂರುವುದಿಲ್ಲ.

ಕ್ರಿಕೆಟ್ಟಿನ ವಿಷಯದಲ್ಲಿ ನನ್ನ ಬಳಿ ಔಷಧಿ ಇಲ್ಲ.

ಪ್ರಶ್ನೆ: ಹಾಡಿನ ಸ್ಪರ್ಧೆಗೆ ಬಂದ ಹುಡುಗನ ಹಾಡು ಮೂರು ನಿಮಿಷ, ಅವನ ಮನೆಯ ಬಡತನದ ಕತೆ ಹತ್ತು ನಿಮಿಷ. ತೀರ್ಪುಗಾರರು ಅಳುತ್ತಾರೆ, ನಿರೂಪಕರು ಅಳುತ್ತಾರೆ, ನಮ್ಮ ಮನೆಯವರೂ ಅಳುತ್ತಾರೆ. ಅಳುವುದೇ ಮನರಂಜನೆಯೇ? (ಬ್ಯಾಂಕ್ ನೌಕರ, ಗದಗ)

ಉತ್ತರ: ಅಳುವುದೂ ಮನರಂಜನೆಯೇ. ಕಂಪನಿ ನಾಟಕಗಳ ಕಾಲದಲ್ಲಿ ನಿಮ್ಮ ಗದಗಿನ ಪ್ರೇಕ್ಷಕರು ಚಂದ್ರಮತಿಯ ಶೋಕಕ್ಕೆ ಕಣ್ಣೊರೆಸಿಕೊಂಡು, ಮರುದಿನ ಮತ್ತೆ ಟಿಕೆಟ್ ತೆಗೆದುಕೊಂಡು ಹೋಗಿದ್ದಾರೆ. ಆದರೆ ಅಲ್ಲಿ ಅಳು ಬರುತ್ತಿದ್ದದ್ದು ನಟಿಯ ಕಂಠದಿಂದ. ಇಲ್ಲಿ ಹಾಡಿಗಿಂತ ಮೊದಲೇ ಕಣ್ಣೀರು ಬಂದುಬಿಟ್ಟರೆ ಹಾಡನ್ನು ಕೇಳುವವರು ಯಾರು? ಹುಡುಗ ಶ್ರುತಿ ತಪ್ಪಿದರೂ ಅದನ್ನು ಹೇಳಲು ತೀರ್ಪುಗಾರರಿಗೆ ನಾಲಿಗೆ ಏಳುವುದಿಲ್ಲ. ಚೆನ್ನಾಗಿ ಹಾಡಿದ್ದರೆ ಅದಕ್ಕಿಂತ ಹೆಚ್ಚಿನ ಅನ್ಯಾಯ, ಏಕೆಂದರೆ ಅವನು ಗೆದ್ದದ್ದು ಕಂಠದಿಂದಲೋ ಕರುಣೆಯಿಂದಲೋ ಎಂಬ ಅನುಮಾನ ಅವನ ಬೆನ್ನು ಬಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ಸ್ಟುಡಿಯೋ ಒಂದರಲ್ಲಿ ಇಂಥ ಕಾರ್ಯಕ್ರಮದ ಚಿತ್ರೀಕರಣಕ್ಕೆ ಪ್ರೇಕ್ಷಕನಾಗಿ ಕೂತಿದ್ದೆ. ವಾಹಿನಿಯ ಹೆಸರು ಬೇಡ. ವೇದಿಕೆ ಇನ್ನೂ ಖಾಲಿಯಾಗಿತ್ತು, ಗಾಯಕರು ಮೇಕಪ್ ಕೋಣೆಯಲ್ಲಿ ಇದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಯುವಕನೊಬ್ಬ ನಮ್ಮ ಸಾಲಿನ ಮುಂದೆ ನಿಂತು, ಮೊದಲು ಜೋರಾಗಿ ಚಪ್ಪಾಳೆ ತಟ್ಟಿ ಎಂದ. ತಟ್ಟಿದೆವು, ಕ್ಯಾಮೆರಾ ಅದನ್ನು ಹಿಡಿಯಿತು. ಆಮೇಲೆ ಬೆರಗುಗೊಂಡಂತೆ ನೋಡಿ ಎಂದ, ನೋಡಿದೆವು. ಕೊನೆಗೆ, ಸ್ವಲ್ಪ ಕಣ್ಣು ಒರೆಸಿಕೊಳ್ಳಿ ಎಂದ. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ಸೆರಗನ್ನು ಅರ್ಧ ಎತ್ತಿ, ಗಾಬರಿಯಿಂದ ‘ಯಾಕಪ್ಪಾ, ಯಾರಿಗೆ ಏನಾಯ್ತು?’ ಎಂದು ಕೇಳಿದರು. ಎರಡು ವಾರದ ನಂತರ ಟಿವಿಯಲ್ಲಿ ಆ ಸಂಚಿಕೆ ನೋಡಿದಾಗ ಒಂದು ಜನಪದ ಗೀತೆಯ ನಡುವೆ ಅಜ್ಜಿಯ ಅದೇ ಗಾಬರಿಯ ಮುಖ ಬಂದು ಹೋಯಿತು.

ಈಟಿವಿ ಕನ್ನಡದಲ್ಲಿ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವನ್ನು ಜನ ಇಂದಿಗೂ ನೆನೆಯುವುದಕ್ಕೆ ಕಾರಣ ಹಳೆಯದೆಲ್ಲ ಚೆನ್ನ ಎಂಬ ಮೋಹ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಹಾಡು ಮುಗಿದ ಮೇಲೆ ಅವರು ಅದನ್ನು ಬರೆದವರು ಯಾರು, ರಾಗ ಸಂಯೋಜನೆ ಯಾರದ್ದು ಎಂದು ಹೇಳುತ್ತಿದ್ದರು, ಉಚ್ಚಾರ ತಪ್ಪಿದ್ದರೆ ನಗುತ್ತಲೇ ತಿದ್ದುತ್ತಿದ್ದರು. ಮಾತೃಭಾಷೆ ತೆಲುಗಾಗಿದ್ದವರು ಕನ್ನಡದ ಮಕ್ಕಳ ಕನ್ನಡವನ್ನು ತಿದ್ದುವುದನ್ನು ನೋಡುವುದರಲ್ಲೇ ಒಂದು ಸೊಗಸಿತ್ತು. ತೀರ್ಪು ಎಂದರೆ ಅದು. ‘ಎರಡನೆಯ ಚರಣದಲ್ಲಿ ಉಸಿರು ಮುರಿಯಿತು, ಳಕಾರ ಲಕಾರವಾಯಿತು’ ಎಂದರೆ ಮನೆಯಲ್ಲಿ ಕೇಳುತ್ತಿರುವ ಅಜ್ಜಿಯೂ ಮೊಮ್ಮಗಳೂ ಮುಂದಿನ ಹಾಡನ್ನು ಇನ್ನಷ್ಟು ಕಿವಿಗೊಟ್ಟು ಕೇಳುತ್ತಾರೆ. ‘ಸೂಪರ್, ಮೈ ಜುಮ್ ಅಂತು’ ಎಂದರೆ ಕೇಳುಗರ ಪಾಲಿಗೆ ಏನೂ ಉಳಿಯುವುದಿಲ್ಲ.

ಒಂದು ವಿನಾಯಿತಿ ಕೊಡಬೇಕು. 2014ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ವೀಕೆಂಡ್ ವಿತ್ ರಮೇಶ್’ನಲ್ಲಿ ಬದುಕೇ ವಿಷಯ, ಅಲ್ಲಿ ಕಷ್ಟದ ಕತೆಗೆ ಅದರದೇ ಜಾಗವಿದೆ. ಕೆಂಪು ಕುರ್ಚಿಯಲ್ಲಿ ಕೂತ ಪ್ರಸಿದ್ಧರ ಎದುರಿಗೆ ಪ್ರಾಥಮಿಕ ಶಾಲೆಯ ಮೇಷ್ಟ್ರು ಬಂದು ನಿಂತಾಗ, ಆ ವ್ಯಕ್ತಿ ಕ್ಯಾಮೆರಾವನ್ನು ಮರೆತು ಒಮ್ಮೆಲೇ ನಾಲ್ಕನೇ ತರಗತಿಯ ಹುಡುಗನಾಗುವ ಗಳಿಗೆಯನ್ನು ಯಾವ ನಿರ್ದೇಶಕನೂ ಬರೆದು ಕೊಡಲಾರ. ರಮೇಶ್ ಅರವಿಂದ್ ಅವರ ನಿರೂಪಣೆಯಲ್ಲಿ ನನಗೆ ಹಿಡಿಸಿದ ಅಂಶವೆಂದರೆ, ಅಂಥ ಗಳಿಗೆಯಲ್ಲಿ ಅವರು ಸುಮ್ಮನಿರಬಲ್ಲರು.

ಪ್ರಶ್ನೆ: ನಮ್ಮ ಕಡೆ ಹಿರಿಯರು ಬೆಂಗಳೂರಿನವರಿಗಿಂತ ಮೊದಲೇ ನಾವು ಟಿವಿ ನೋಡಿದ್ದೇವೆ ಎನ್ನುತ್ತಾರೆ. ಇದು ನಿಜವೇ? (ವಿದ್ಯಾರ್ಥಿ, ಕಲಬುರಗಿ)

ಉತ್ತರ: ನಿಜ. ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಭಾರತ ನಡೆಸಿದ ‘ಸೈಟ್’ ಎಂಬ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆಯ್ಕೆಯಾದವು ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಸೈಟ್‌ನ ಆ ಹಳ್ಳಿಗಳಲ್ಲಿ ಜಾಲರಿಯ ದೊಡ್ಡ ಆ್ಯಂಟೆನಾ ನೆಟ್ಟು, ಊರಿಗೊಂದು ಸೆಟ್ ಇಟ್ಟು, ಸಂಜೆಯಾದರೆ ಅದರ ಮುಂದೆ ಊರೆಲ್ಲ ಕೂತು ಬೇಸಾಯ, ಆರೋಗ್ಯದ ಮಾತುಗಳ ಜೊತೆಗೆ ಹಾಡು ಕುಣಿತವನ್ನೂ ನೋಡುತ್ತಿತ್ತು. ಸಂಜೆಯ ಟಿವಿ ಎಂದರೆ ಕೂಡಿ ನೋಡುವುದು ಎಂಬ ಅಭ್ಯಾಸ ಕನ್ನಡ ನಾಡಿನಲ್ಲಿ ನಿಮ್ಮ ಕಡೆಯ ಅಂಗಳಗಳಿಂದಲೇ ಶುರುವಾಯಿತು ಎಂದು ನೀವು ಧೈರ್ಯವಾಗಿ ಹೇಳಿಕೊಳ್ಳಬಹುದು. ತಾರಸಿಯ ಮೇಲೆ ಹತ್ತಿ ಆ್ಯಂಟೆನಾ ತಿರುಗಿಸಿದ ನಮ್ಮ ಪೀಳಿಗೆಯ ಕತೆ ಆಮೇಲಿನದು. ಅದನ್ನು ಎಲ್ಲರೂ ಬರೆದು ಮುಗಿಸಿರುವುದರಿಂದ ನಾನು ಬರೆಯುವುದಿಲ್ಲ.

ಪ್ರಶ್ನೆ: ಒಂದೂವರೆ ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು ಎಷ್ಟಿರಬಹುದು ಎಂಬುದಕ್ಕೆ ನಿಯಮ ಇಲ್ಲವೇ? ಎಲ್ಲ ವಾಹಿನಿಗಳೂ ಒಂದೇ ಹೊತ್ತಿಗೆ ಒಂದೇ ಬಗೆಯ ಕಾರ್ಯಕ್ರಮ ಹಾಕುವುದೇಕೆ? (ನಿವೃತ್ತ ಶಿಕ್ಷಕ, ಹಾಸನ)

ಉತ್ತರ: ನಿಯಮ ಇದೆ. ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷ ಮೀರುವಂತಿಲ್ಲ. ಅದರಲ್ಲಿ 10 ನಿಮಿಷ ವಾಣಿಜ್ಯ ಜಾಹೀರಾತಿಗೆ, 2 ನಿಮಿಷ ವಾಹಿನಿ ತನ್ನದೇ ಕಾರ್ಯಕ್ರಮಗಳ ಪ್ರಚಾರಕ್ಕೆ. ಆ ಲೆಕ್ಕದಲ್ಲಿ ನಿಮ್ಮ ಒಂದೂವರೆ ಗಂಟೆಗೆ 18 ನಿಮಿಷ. ಆದರೆ ನಿಮ್ಮ ತಾಳ್ಮೆ ಕೆಡಿಸುವುದು ಇದೊಂದೇ ಅಲ್ಲ. ಬ್ರೇಕಿಗೆ ಮೊದಲು ‘ಮುಂದೆ ಏನಾಗುತ್ತೆ ಗೊತ್ತಾ’ ಎಂದು ಅರ್ಧ ನಿಮಿಷ, ಬ್ರೇಕ್ ಮುಗಿದ ಮೇಲೆ ನಾವು ಆಗಲೇ ನೋಡಿದ್ದನ್ನೇ ಮತ್ತೆ ಅರ್ಧ ನಿಮಿಷ, ಫಲಿತಾಂಶ ಹೇಳುವ ಮುನ್ನ ಮೂರು ಮುಖಗಳ ಮೇಲೆ ಕ್ಯಾಮೆರಾ ಓಡಾಡುವುದು ಒಂದು ನಿಮಿಷ. ಇವೆಲ್ಲ ಜಾಹೀರಾತಿನ ಲೆಕ್ಕಕ್ಕೆ ಬರುವುದಿಲ್ಲ, ಹೆಸರಿಗೆ ಇವೂ ಕಾರ್ಯಕ್ರಮವೇ. ಗಡಿಯಾರ ಹಿಡಿದು ಕೂತರೆ ಹಾಡಿಗೆ ಉಳಿದ ಹೊತ್ತು ಎಷ್ಟೆಂದು ನಿಮಗೇ ತಿಳಿಯುತ್ತದೆ, ಆದರೆ ಹಾಗೆ ಕೂರಬೇಡಿ, ಇದ್ದ ಸುಖವೂ ಹೋದೀತು.

ಇನ್ನು ಎರಡನೆಯ ಪ್ರಶ್ನೆ. ಟಿಆರ್‌ಪಿ ಅಳೆಯುವ ಬಾರ್ಕ್ ಸಂಸ್ಥೆ ದೇಶದ ಎಲ್ಲ ಮನೆಗಳನ್ನೂ ಅಳೆಯುವುದಿಲ್ಲ, ಅದು ಸಾಧ್ಯವೂ ಇಲ್ಲ. ಆಯ್ದ ಹತ್ತಾರು ಸಾವಿರ ಮನೆಗಳಲ್ಲಿ ಮೀಟರ್ ಇಟ್ಟಿರುತ್ತದೆ. ವಾಹಿನಿಯ ಧ್ವನಿಯಲ್ಲಿ ನಮ್ಮ ಕಿವಿಗೆ ಕೇಳಿಸದಂಥ ಗುರುತೊಂದು ಬೆರೆತಿರುತ್ತದೆ, ಮೀಟರ್ ಅದನ್ನು ಹಿಡಿಯುತ್ತದೆ. ಮನೆಯಲ್ಲಿ ಯಾರು ನೋಡುತ್ತಿದ್ದಾರೆ ಎಂಬುದನ್ನು ತಿಳಿಸಲು ಪ್ರತಿಯೊಬ್ಬರಿಗೂ ಒಂದೊಂದು ಗುಂಡಿ ಇರುತ್ತದೆ. ಇದರ ಅಂಕಿಗಳು ಗುರುವಾರ ಹೊರಬೀಳುತ್ತವೆ, ಶುಕ್ರವಾರದ ಸಭೆಯಲ್ಲಿ ಪಕ್ಕದ ವಾಹಿನಿಯಲ್ಲಿ ಯಾವುದು ಗೆದ್ದಿತು ಎಂಬ ಚರ್ಚೆಯಾಗುತ್ತದೆ. ಎದುರಿನ ಹೋಟೆಲಿನಲ್ಲಿ ಖಾಲಿದೋಸೆಗೆ ಜನ ಸೇರಿದರೆ ನಾಳೆ ನಾವೂ ಖಾಲಿದೋಸೆ ಇಡೋಣ ಎನ್ನುವ ಲೆಕ್ಕಾಚಾರ ಅದು. ಮೀಟರ್ ಹೇಳುವುದು ಟಿವಿ ಯಾವ ವಾಹಿನಿಯಲ್ಲಿ ನಿಂತಿತ್ತು ಎಂಬುದನ್ನು. ನೋಡುತ್ತಿದ್ದವರು ನಕ್ಕರೋ, ಆಕಳಿಸಿದರೋ, ತಟ್ಟೆಯ ಮೇಲೆ ಬಗ್ಗಿಕೊಂಡಿದ್ದರೋ ಎಂಬುದು ಅದಕ್ಕೆ ತಿಳಿಯದು.

ಪ್ರಶ್ನೆ: ವಾರದ ದಿನಗಳಲ್ಲಿ ‘ಬಿಗ್ ಬಾಸ್’ ನೋಡದ ನಮ್ಮ ತಂದೆ ಶನಿವಾರ ಮಾತ್ರ ತಪ್ಪದೆ ನೋಡುತ್ತಾರೆ. ಕಾರಣ ಏನಿರಬಹುದು? (ಉಪನ್ಯಾಸಕಿ, ಮಂಡ್ಯ)

ಉತ್ತರ: ನಿಮ್ಮ ತಂದೆಯವರು ಪಂಚಾಯಿತಿ ಕಟ್ಟೆಯನ್ನು ಕಂಡವರಿರಬೇಕು. ವಾರವೆಲ್ಲ ನಡೆದ ಜಗಳ ಅವರಿಗೆ ಬೇಡ, ನ್ಯಾಯ ಹೇಗೆ ತೀರ್ಮಾನವಾಯಿತು ಎಂಬುದು ಬೇಕು. 2013ರಲ್ಲಿ ಕನ್ನಡದಲ್ಲಿ ಈ ಕಾರ್ಯಕ್ರಮ ಶುರುವಾದಂದಿನಿಂದಲೂ ನಡೆಸಿಕೊಡುತ್ತಿರುವ ಸುದೀಪ್, ವಾರಾಂತ್ಯದಲ್ಲಿ ಬಂದು ಒಬ್ಬೊಬ್ಬರನ್ನೇ ನಿಲ್ಲಿಸಿ ‘ಆ ದಿನ ಹಾಗೆ ಅಂದಿರಲ್ಲ, ಯಾಕೆ?’ ಎಂದು ಕೇಳುವಾಗ ನಡೆದದ್ದೆಲ್ಲ ಮತ್ತೆ ಬಿಚ್ಚಿಕೊಳ್ಳುತ್ತದೆ. ಐದು ದಿನ ನೋಡದಿದ್ದರೂ ಏನೂ ನಷ್ಟವಿಲ್ಲ. ಸಾಗರದ ಓದುಗರಿಗೆ ಹೇಳಿದ ಅಡುಗೆಮನೆಯ ಬಾಗಿಲಿನ ಪರೀಕ್ಷೆಯಲ್ಲಿ ಈ ಸಂಚಿಕೆ ಪಾಸಾಗುತ್ತದೆ. ಆದರೆ ಹಿಡಿದದ್ದನ್ನು ಕೊನೆಯವರೆಗೆ ಮಾಡಲು ಬಿಡಬೇಕು ಎಂಬ ಎರಡನೆಯ ಪರೀಕ್ಷೆಯಲ್ಲಿ ಅದಕ್ಕೆ ನಾನು ಹೆಚ್ಚು ಅಂಕ ಕೊಡಲಾರೆ. ಒಂದು ಇಡೀ ದಿನದ ಚಿತ್ರೀಕರಣವನ್ನು ಒಂದೂವರೆ ಗಂಟೆಗೆ ಇಳಿಸಿದಾಗ ಯಾರ ಮಾತನ್ನು ಎಲ್ಲಿ ಕತ್ತರಿಸಿದರು ಎಂಬುದು ನಮಗೆ ಕಾಣುವುದಿಲ್ಲ, ಕಾಣದ ಮಾತಿನ ಮೇಲೆ ನಾವು ಸೋಫಾದಲ್ಲಿ ಕೂತು ತೀರ್ಪು ಕೊಡುತ್ತೇವೆ. ಕಟ್ಟೆಯ ಪಂಚಾಯಿತಿಯಲ್ಲಿ ಕನಿಷ್ಠ ಇಬ್ಬರ ಮಾತೂ ಪೂರ್ತಿ ಕೇಳಿಸುತ್ತಿತ್ತು.

ಪ್ರಶ್ನೆ: ಬೇರೆ ಭಾಷೆಯ ಕಾರ್ಯಕ್ರಮಗಳನ್ನು ಕನ್ನಡಕ್ಕೆ ಡಬ್ ಮಾಡಿದರೆ ವಾರಾಂತ್ಯಕ್ಕೆ ಸಾಲದೇ? ನಮ್ಮದೇ ಕಾರ್ಯಕ್ರಮ ಏಕೆ ಬೇಕು? (ಅಂಗಡಿ ಮಾಲೀಕ, ತುಮಕೂರು)

ಉತ್ತರ: ಡಬ್ಬಿಂಗ್ ಬೇಡವೆನ್ನುವವನಲ್ಲ ನಾನು. ಅದಕ್ಕೆ ಅಡ್ಡಿ ಮಾಡುವುದು ಸರಿಯಲ್ಲ ಎಂದು ವ್ಯಾಪಾರದ ಪೈಪೋಟಿಗೆ ತಡೆಯಾಗದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ 2015ರಲ್ಲೇ ಆದೇಶ ಕೊಟ್ಟಿದೆ. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಸ್ಟಾರ್ ಸುವರ್ಣದಲ್ಲಿ ಕನ್ನಡಕ್ಕೆ ಬಂದ ‘ಮಹಾಭಾರತ’ವನ್ನು ಮನೆಮನೆಯಲ್ಲೂ ನೋಡಿದರು. ಪುರಾಣಕ್ಕೆ, ಪ್ರಾಣಿ ಪ್ರಪಂಚದ ಕಾರ್ಯಕ್ರಮಕ್ಕೆ ಡಬ್ಬಿಂಗ್ ಚೆನ್ನಾಗಿ ಒಗ್ಗುತ್ತದೆ. ನಗುವಿಗೆ ಒಗ್ಗುವುದಿಲ್ಲ. ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ವೇದಿಕೆಯ ಮೇಲೆ ಉತ್ತರ ಕರ್ನಾಟಕದ ಹುಡುಗ ‘ಏನ್ ಹೇಳಾಕತ್ತೀಯೋ ಮಾರಾಯ’ ಎಂದಾಗ ಮತ್ತು ಕರಾವಳಿಯ ಹುಡುಗಿ ‘ಎಂತದಾ ಅದು’ ಎಂದಾಗ ಮಾತಿಗಿಂತ ಮೊದಲು ಆ ಧಾಟಿಗೇ ಸಭೆ ನಗುತ್ತದೆ. ಈ ನಗುವಿಗೆ ಬೇಕಾದ ಸಾಮಗ್ರಿ ಮುಂಬಯಿಯ ಸ್ಟುಡಿಯೋದಲ್ಲಿ ಸಿಗುವಂಥದ್ದಲ್ಲ. ನಿಮ್ಮ ಅಂಗಡಿಯ ಮುಂದೆ ನಿಂತು ಗಿರಾಕಿಗಳು ಆಡುವ ಮಾತನ್ನು ಬೇರೆ ಭಾಷೆಯವರ ತುಟಿಗೆ ಹೊಂದಿಸಿ ನೋಡಿ, ತಿಳಿಯುತ್ತದೆ.

ಪ್ರಶ್ನೆ: ಒಂಬತ್ತು ವರ್ಷದ ಮಗಳು ಚೆನ್ನಾಗಿ ಕುಣಿಯುತ್ತಾಳೆ. ವಾರಾಂತ್ಯದ ನೃತ್ಯ ಸ್ಪರ್ಧೆಯ ಆಡಿಷನ್‌ನಲ್ಲಿ ಆಯ್ಕೆಯಾಗಿದ್ದಾಳೆ. ಮನೆಯವರೆಲ್ಲ ಸಂಭ್ರಮದಲ್ಲಿ ಇದ್ದಾರೆ, ನನಗೆ ಭಯ. ಕಳುಹಿಸಬಹುದೇ? (ತಾಯಿ, ದಾವಣಗೆರೆ)

ಉತ್ತರ: ಮೊದಲು ಮಗಳಿಗೆ ಅಭಿನಂದನೆ ಹೇಳಿ, ಆಮೇಲೆ ಕರಾರುಪತ್ರವನ್ನು ಕೈಗೆ ತೆಗೆದುಕೊಳ್ಳಿ. ಬಾಲಕಾರ್ಮಿಕ ಕಾಯಿದೆಗೆ ಸಂಬಂಧಿಸಿದ, 2017ರಲ್ಲಿ ತಿದ್ದುಪಡಿಯಾದ ನಿಯಮಗಳು ಟಿವಿಯಲ್ಲಿ ಅಭಿನಯಿಸುವ, ಕುಣಿಯುವ ಮಕ್ಕಳಿಗೂ ಅನ್ವಯಿಸುತ್ತವೆ. ಅವುಗಳ ಪ್ರಕಾರ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಿಶ್ರಾಂತಿ ಇಲ್ಲದೆ ಒಂದೇ ಸಮನೆ ಮೂರು ಗಂಟೆ ಮೀರುವಂತಿಲ್ಲ. ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಯ ಅನುಮತಿ ಪಡೆದಿರಬೇಕು. ಸತತವಾಗಿ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ಐದು ಮಕ್ಕಳಿಗೆ ಒಬ್ಬರಂತೆ ನೋಡಿಕೊಳ್ಳುವ ಜವಾಬ್ದಾರರು ಇರಬೇಕು, ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ಅದರ ಹೆಸರಿನಲ್ಲೇ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ದೊಡ್ಡವರ ಸಿನಿಮಾ ಹಾಡುಗಳ ಶೃಂಗಾರದ ಹೆಜ್ಜೆಗಳನ್ನು ಎಳೆಯ ಮಕ್ಕಳಿಂದ ಹಾಕಿಸಬೇಡಿ ಎಂದು 2019ರಲ್ಲಿ ಕೇಂದ್ರ ವಾರ್ತಾ ಸಚಿವಾಲಯವೇ ವಾಹಿನಿಗಳಿಗೆ ಸಲಹೆ ಕಳುಹಿಸಿತ್ತು. ಇದನ್ನೆಲ್ಲ ಕೇಳಿದರೆ ಮಗಳ ಅವಕಾಶ ತಪ್ಪೀತು ಎಂದು ಹಿಂಜರಿಯಬೇಡಿ. ಸರಿಯಾಗಿ ನಡೆಸುವವರು ಸರಿಯಾಗಿಯೇ ಉತ್ತರಿಸುತ್ತಾರೆ, ಸಿಡುಕಿದರೆ ಅಲ್ಲಿಗೇ ನಿಮಗೆ ಉತ್ತರ ಸಿಕ್ಕಂತೆ.

ಕಾನೂನಿನಲ್ಲಿ ಬರೆದಿಲ್ಲದ ವಿಷಯಗಳೂ ಇವೆ. ಎಲಿಮಿನೇಷನ್ ದಿನ ವೇದಿಕೆಯ ಮೇಲೆ ನಿಂತು ಸೋಲನ್ನು ಕೇಳಿಸಿಕೊಳ್ಳುವುದು ದೊಡ್ಡವರಿಗೇ ಕಷ್ಟ. ಆ ಮುಖವನ್ನು ಹತ್ತಿರದಿಂದ ಹಿಡಿಯಲು ಕ್ಯಾಮೆರಾ ಕಾದಿರುತ್ತದೆ, ಅದರ ಕೆಳಗೆ ಸಂಗೀತ ಹಾಕಲಾಗುತ್ತದೆ, ಸೋಮವಾರ ಶಾಲೆಯಲ್ಲಿ ಅದನ್ನು ಎಲ್ಲರೂ ನೋಡಿರುತ್ತಾರೆ. ಸೋತವರನ್ನು ಹೇಗೆ ಕಳುಹಿಸಿಕೊಡುತ್ತೀರಿ ಎಂದು ಒಪ್ಪಂದಕ್ಕೆ ಮೊದಲೇ ಕೇಳಿ. ಮನೆಯ ಸ್ಥಿತಿಗತಿಯ ಬಗ್ಗೆ ವಿಡಿಯೋ ಮಾಡುತ್ತಾರೆಯೇ, ಮಾಡಿದರೆ ಅದರಲ್ಲಿ ಏನು ಇರಬೇಕು ಎಂಬುದನ್ನು ನೀವು ನಿರ್ಧರಿಸಬಹುದೇ ಎಂದೂ ಕೇಳಿ. ದಾವಣಗೆರೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಆರಕ್ಕೆ ಮೇಕಪ್‌ಗೆ ಕೂತು, ತನ್ನ ಸರದಿ ಬರುವ ಹೊತ್ತಿಗೆ ನಡುರಾತ್ರಿಯಾಗಿ ಸೆಟ್ಟಿನ ಕುರ್ಚಿಯಲ್ಲಿ ಗೆಜ್ಜೆ ಕಟ್ಟಿಕೊಂಡೇ ನಿದ್ದೆ ಹೋದ ಮಗುವನ್ನು ಮೇಲೆ ಹೇಳಿದ ಆ ಚಿತ್ರೀಕರಣದ ದಿನವೇ ನಾನು ಕಂಡಿದ್ದೇನೆ. ಆದ್ದರಿಂದ ಅವರು ಹೇಳುವ ಐದು ಗಂಟೆಯಲ್ಲಿ ಮೇಕಪ್ಪೂ ಕಾಯುವಿಕೆಯೂ ಸೇರಿದೆಯೇ ಎಂಬುದನ್ನು ಬಿಡಿಸಿ ಕೇಳಿ, ಶಾಲೆಯ ಪರೀಕ್ಷೆಯ ದಿನಾಂಕಗಳನ್ನು ಕರಾರಿನಲ್ಲಿಯೇ ಬರೆಸಿ, ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಮೊದಲ ಸಂಚಿಕೆ ಯಾವಾಗ ಎಂದು ಬರೆದು ತಿಳಿಸಿದರೆ ಆ ಶನಿವಾರ ನಮ್ಮ ಮನೆಯ ರಿಮೋಟ್ ನನ್ನ ಕೈಯಲ್ಲಿ ಇರುತ್ತದೆ.